ಅಕ್ಕನ ಕೂದಲು ಉದುರಿದ ಚಳಿಗಾಲ

ನಾನು ಚಿಕ್ಕವನಿದ್ದಾಗ, ನಮ್ಮ ಮನೆಯಲ್ಲಿ ದೆವ್ವವಿದೆ ಎಂದು ಇಡೀ ಒಂದು ಚಳಿಗಾಲ ನಂಬಿಕೊಂಡಿದ್ದೆ. ಆಗ ನನಗೆ ಒಂಬತ್ತು ವರ್ಷ. ಎಪ್ಪತ್ತರ ದಶಕದ ನಡುಭಾಗ. ಲಂಡನ್ನಿನ ಅಂಚಿನ ಸಟನ್‌ನಲ್ಲಿ ನಾವು ಕೊಂಡಿದ್ದ ಮನೆಯಲ್ಲಿ ಮೊದಲು ಒಬ್ಬ ಇಂಗ್ಲಿಷ್ ಮುದುಕಿ ಒಂಟಿಯಾಗಿದ್ದು, ಅಲ್ಲೇ ತೀರಿಕೊಂಡಿದ್ದಳಂತೆ. ಪಕ್ಕದ ಮನೆಯ ಹುಡುಗಿ ಬೇಲಿಯ ಮೇಲಿಂದ ಇಣುಕಿ ಈ ಸಂಗತಿ ಹೇಳಿದ್ದಳು. ಸ್ನಾನದ ತೊಟ್ಟಿಯ ಪಕ್ಕದ ಗೋಡೆಯಲ್ಲಿ ಮುದುಕಿ ಹಿಡಿದುಕೊಂಡು ಏಳುತ್ತಿದ್ದ ಬಿಳಿ ಹಿಡಿ ಇನ್ನೂ ಇತ್ತು. ಮೆಟ್ಟಿಲ ಕೆಳಗಿನ ಕಪಾಟು ತೆರೆದರೆ ಹಳೇ ಉಣ್ಣೆಯ ಮತ್ತು ಒಣಗಿದ ಹೂವಿನ ವಾಸನೆ ಮುಖಕ್ಕೆ ರಾಚುತ್ತಿತ್ತು.

ನಾವು ಆ ಊರಿಗೆ ಹೋದದ್ದೇ ಅಕ್ಕನ ಶಾಲೆಗಾಗಿ. ಕಷ್ಟದ ಪರೀಕ್ಷೆ ಬರೆದು ಸೇರಬೇಕಾದ ಗ್ರಾಮರ್ ಸ್ಕೂಲು ಅದು. ಅಕ್ಕನಿಗೆ ಹದಿನಾರು ತುಂಬುತ್ತಿತ್ತು, ಬೇಸಿಗೆಗೆ ದೊಡ್ಡ ಪರೀಕ್ಷೆ. ಅಪ್ಪ ಬೆಳಕು ಹರಿಯುವ ಮೊದಲೇ ಲಂಡನ್ನಿನ ರೈಲು ಹಿಡಿದು ಹೋದರೆ ಬರುವಾಗ ಮತ್ತೆ ಕತ್ತಲೆ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅವಳ ಪಾಳಿ ವಾರಕ್ಕೊಂದು ಥರ. ಫ್ರಿಜ್ಜಿನಲ್ಲಿ ಎರಡು ಡಬ್ಬಿ ಊಟ ಇಟ್ಟು ಹೋಗುತ್ತಿದ್ದಳು, ಒಂದು ನನಗೆ, ಒಂದು ಅಕ್ಕನಿಗೆ. ಸಂಜೆ ಅಕ್ಕ ಅನ್ನ ಸಾರು ಬಿಸಿ ಮಾಡಿ ನನಗೆ ಬಡಿಸಿ, ತಾನು ಒಂದು ತುಂಡು ಟೋಸ್ಟು ಮತ್ತು ದೊಡ್ಡ ಮಗ್ಗಿನ ತುಂಬ ಚಹಾ ಹಿಡಿದು ಪುಸ್ತಕದ ಮುಂದೆ ಕೂರುತ್ತಿದ್ದಳು. “ನಂಗೆ ಹಸಿವಿಲ್ಲ ಕಣೋ, ನಂದೂ ನೀನೇ ತಿನ್ನು” ಅನ್ನುತ್ತಿದ್ದಳು. ನಾನು ತಿನ್ನುತ್ತಿದ್ದೆ. ಬೆಳಿಗ್ಗೆ ಎರಡೂ ಡಬ್ಬಿ ಖಾಲಿ ಇದ್ದದ್ದು ನೋಡಿ ಅಮ್ಮನ ಮುಖ ಅರಳುತ್ತಿತ್ತು. ಆ ವರ್ಷ ನನ್ನ ಶಾಲೆಯ ಪ್ಯಾಂಟು ಎರಡು ಸಲ ಬದಲಾಯಿತು.

ಮೊದಲು ಸಿಕ್ಕಿದ್ದು ಸ್ನಾನದ ತೊಟ್ಟಿಯಲ್ಲಿ. ನೀರು ಹೋಗುವ ತೂತಿನ ಬಾಯಲ್ಲಿ ಉದ್ದನೆಯ ಕೂದಲು ಸುತ್ತಿಕೊಂಡು, ಒದ್ದೆಯಾಗಿ, ಉಸಿರಾಡುವ ಹುಳದ ಹಾಗೆ ಅಲುಗುತ್ತಿತ್ತು. ಆಮೇಲೆ ಎಲ್ಲ ಕಡೆ ಕಾಣತೊಡಗಿತು. ರೇಡಿಯೇಟರ್ ಮೇಲೆ ಒಣಗಲು ಹಾಕಿದ ನನ್ನ ಅಂಗಿಯ ತೋಳಿನಲ್ಲಿ ಒಂದೆಳೆ, ಮೆಟ್ಟಿಲಿನ ಕಾರ್ಪೆಟ್ಟಿನಲ್ಲಿ ನಾಲ್ಕೆಳೆ, ಒಮ್ಮೆ ನನ್ನ ಬಾಯಲ್ಲೇ. ಅಮ್ಮನದು ಗಿಡ್ಡ ಕೂದಲು. ಅಕ್ಕ ಮನೆಯೊಳಗೂ ಉಣ್ಣೆಯ ಟೋಪಿ ತೆಗೆಯುತ್ತಿರಲಿಲ್ಲ. ಅವಳಿಗೆ ಯಾವಾಗಲೂ ಚಳಿ. ಹಾಗಾದರೆ ಈ ಕೂದಲು ಆ ಮುದುಕಿಯದೇ ಎಂದು ತೀರ್ಮಾನಿಸಿಬಿಟ್ಟೆ. ಮುದುಕಿಯ ಕೂದಲು ಬೆಳ್ಳಗಿರಬೇಕಲ್ಲವೇ ಎಂಬುದು ನನಗೆ ಹೊಳೆಯಲಿಲ್ಲ. ಹೆದರಿದವನಿಗೆ ಬಣ್ಣ ಕಾಣುವುದಿಲ್ಲ.

ಆಮೇಲೆ ಸದ್ದು ಶುರುವಾಯಿತು. ಅಲ್ಲಿ ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಹೊರಗೆ ಕಪ್ಪಾಗುತ್ತದೆ. ನಾನು ಮಹಡಿಯಲ್ಲಿ ಹೋಂವರ್ಕ್ ಮಾಡುತ್ತಿದ್ದರೆ, ದೀಪ ಹಾಕದ ಅಡುಗೆಮನೆಯಿಂದ ಕರ್, ಕರ್, ಕರ್. ಯಾರೋ ಮೂಳೆ ಕಡಿಯುತ್ತಿರುವ ಹಾಗೆ. ಕಿವಿಗೆ ದಿಂಬು ಒತ್ತಿಕೊಂಡು ಕೂರುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಲು ಮನೆಯಲ್ಲಿ ಯಾರಿದ್ದರು?

ಫೆಬ್ರವರಿಯ ಒಂದು ಶನಿವಾರ. ಅಪ್ಪ ಅಕ್ಕಿ ಬೇಳೆ ತರಲು ನಮ್ಮ ದೇಶದವರ ಅಂಗಡಿಗಳಿದ್ದ ಟೂಟಿಂಗ್‌ಗೆ ಹೋಗಿದ್ದ, ಅಮ್ಮ ಆಸ್ಪತ್ರೆಯಲ್ಲಿದ್ದಳು. ಕಿಟಕಿಯ ಗಾಜಿನ ಮೇಲೆ ಸಣ್ಣ ಮಳೆ. ಮತ್ತೆ ಅದೇ ಸದ್ದು ಬಂತು. ಆ ದಿನ ಎಲ್ಲಿಂದ ಧೈರ್ಯ ಬಂತೋ, ಕ್ರಿಕೆಟ್ ಬ್ಯಾಟು ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ.

ಫ್ರಿಜ್ಜಿನ ಬಾಗಿಲು ತೆರೆದಿತ್ತು. ಅದರ ಬೆಳಕಿನಲ್ಲಿ ಒಬ್ಬಳು ನೆಲದ ಮೇಲೆ ಕೂತು, ಐಸ್ ಕಟ್ಟುವ ಖಾನೆಯನ್ನು ಚಮಚದಿಂದ ಕೆರೆದು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ತಲೆಯ ನಡುವೆ ಬೈತಲೆ ಅಗಲವಾಗಿ, ಬೆಳ್ಳಗೆ, ಗದ್ದೆಯ ಬದುವಿನ ಹಾಗೆ ಕಾಣುತ್ತಿತ್ತು. ಹಿಂದಕ್ಕೆ ಇಳಿಬಿದ್ದಿದ್ದ ಜಡೆ ನನ್ನ ಕಿರುಬೆರಳಿನಷ್ಟು ದಪ್ಪ. ನಾನು ಕಿರುಚಿದೆ. ಅವಳು ತಿರುಗಿದಳು. ಅಕ್ಕ.

ಬ್ಯಾಟು ಕೈಯಿಂದ ಬಿತ್ತು. ಅಕ್ಕ ನನ್ನ ಬಾಯಿ ಮುಚ್ಚಿದಳು. ಆ ಕೈಯ ತಣ್ಣಗಿನ ಸ್ಪರ್ಶ ಈಗಲೂ ನನ್ನ ತುಟಿಯ ಮೇಲಿದೆ.

“ಐಸ್ ಯಾಕಕ್ಕಾ ತಿಂತೀಯ?”

“ಗೊತ್ತಿಲ್ಲ ಕಣೋ. ತಿನ್ನಬೇಕು ಅನ್ಸತ್ತೆ. ತಡೆಯಕ್ಕಾಗಲ್ಲ.”

ಮಹಡಿಗೆ ಕರೆದುಕೊಂಡು ಹೋಗಿ ಬೀರುವಿನಿಂದ ಒಂದು ದಿಂಬಿನ ಚೀಲ ತೆಗೆದಳು. ಉಂಡೆ ಉಂಡೆಯಾಗಿ ಸುತ್ತಿದ ಕೂದಲು ಅದರ ತುಂಬ ಇತ್ತು. ಉದುರಿದ ಕೂದಲನ್ನು ಎಲ್ಲೆಂದರಲ್ಲಿ ಬಿಸಾಡಬಾರದು, ಕೆಟ್ಟವರ ಕೈಗೆ ಸಿಕ್ಕಿದರೆ ಮಾಟ ಮಾಡುತ್ತಾರೆ ಎಂದು ಊರಿನಲ್ಲಿ ಅಜ್ಜಿ ಹೇಳಿದ್ದಳಂತೆ. ವಿಜ್ಞಾನದಲ್ಲಿ ತರಗತಿಗೇ ಮೊದಲು ಬರುವ ನನ್ನ ಅಕ್ಕ, ಅದನ್ನು ಕಸದ ಬುಟ್ಟಿಗೆ ಹಾಕಲು ಹೆದರಿ ಬಚ್ಚಿಟ್ಟಿದ್ದಳು.

“ನನ್ನ ಫ್ರೆಂಡ್ ಅಮ್ಮಂಗೂ ಕೂದಲು ಹೀಗೇ ಉದುರಿತ್ತು. ಆಮೇಲೆ ಅವರು ಉಳೀಲಿಲ್ಲ,” ಎಂದಳು. ಚೀಲದ ಬಾಯನ್ನು ಮಡಚುತ್ತಾ, “ಅಮ್ಮಂಗೆ ಹೇಳ್ಬೇಡ. ಪರೀಕ್ಷೆ ಮುಗೀಲಿ. ಪ್ರಾಮಿಸ್ ಮಾಡು.”

ನಾನು ಅವಳ ಕೈಮೇಲೆ ಕೈಯಿಟ್ಟು ಪ್ರಾಮಿಸ್ ಮಾಡಿದೆ. ಆಮೇಲೆ ನನ್ನ ಕೋಣೆಗೆ ಹೋಗಿ ಗೋಡೆ ನೋಡುತ್ತ ಕೂತೆ. ದೆವ್ವವೇ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಸಂಜೆ ಅಮ್ಮ ಬಂದಳು. ಅಪರೂಪಕ್ಕೆ ನಾಲ್ವರೂ ಮೇಜಿನ ಸುತ್ತ ಕೂತೆವು. ಅಮ್ಮ ಬಿಸಿ ಅನ್ನಕ್ಕೆ ಬೇಳೆಸಾರು ಹಾಕಿದಳು. ಅಕ್ಕ ತನ್ನ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. ತುಪ್ಪದ ವಾಸನೆ ಮೂಗಿಗೆ ಬಡಿಯಿತು. ನನ್ನ ಕೈ ಎಂದಿನಂತೆ ಆ ತಟ್ಟೆಯ ಕಡೆ ಹೋಯಿತು. ಹೋದ ಕೈ ಹಾಗೇ ನಿಂತಿತು.

“ಅಮ್ಮಾ, ಅಕ್ಕನ ಊಟ ಎಲ್ಲಾ ನಾನೇ ತಿಂದೆ,” ಎಂದು ಜೋರಾಗಿ ಅತ್ತುಬಿಟ್ಟೆ. “ದಿನಾ ತಿಂದೆ. ಅಕ್ಕ ಸತ್ತೋಗ್ತಾಳೆ.”

ಅಪ್ಪ ಅಮ್ಮನಿಗೆ ಏನೂ ಅರ್ಥವಾಗಲಿಲ್ಲ. ಅಕ್ಕ ಎದ್ದು ಓಡಹೋದಳು. ಅಮ್ಮ ಅವಳ ತೋಳು ಹಿಡಿದು ಟೋಪಿ ತೆಗೆದಳು. ಹೆಬ್ಬೆರಳಿನಿಂದ ಅಕ್ಕನ ಕೆಳರೆಪ್ಪೆಯನ್ನು ಎಳೆದು ನೋಡಿದಳು. ಕೆಂಪಗಿರಬೇಕಾದ ಜಾಗ ಸುಣ್ಣದ ಹಾಗೆ ಬಿಳುಚಿತ್ತು. ಅಮ್ಮ ಕುರ್ಚಿ ಎಳೆದುಕೊಂಡು ಅಕ್ಕನ ಎದುರು ಕೂತಳು.

“ದಿನಾ ಊರಿನವರ ಕಣ್ಣೆಲ್ಲ ನೋಡ್ತೀನಲ್ಲೇ ನಾನು,” ಎಂದಳು. “ನಿನ್ನ ಕಣ್ಣು ನೋಡಿ ಎಷ್ಟು ದಿನ ಆಯ್ತೇ?”

ಅಕ್ಕ ತನ್ನ ಗೆಳತಿಯ ಅಮ್ಮನ ಮಾತು ಎತ್ತಿದಾಗ ಅಮ್ಮ ಅವಳ ಮುಖ ಹಿಡಿದು, “ಅದು ಕ್ಯಾನ್ಸರ್ ಔಷಧಿಯಿಂದ ಉದುರಿದ್ದು ಮಗಳೇ, ಇದು ಬೇರೆ” ಎಂದಳು. ಆದರೆ ಪರೀಕ್ಷೆ ಮಾಡಿಸದೆ ಅವಳಿಗೂ ಪೂರ್ತಿ ಗೊತ್ತಿರಲಿಲ್ಲ.

ಸೋಮವಾರ ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಹೋದೆವು. ಬೆಳ್ಳಿಕೂದಲಿನ ಆ ಡಾಕ್ಟರಮ್ಮ ಅವಸರ ಮಾಡಲಿಲ್ಲ. ಬೆಳಿಗ್ಗೆ ಏನು ತಿನ್ನುತ್ತೀಯ ಎಂದರು. ಏನೂ ಇಲ್ಲ, ಬಸ್ಸು ತಪ್ಪುತ್ತದೆ. ಮಧ್ಯಾಹ್ನ? ಒಂದು ಪ್ಯಾಕೆಟ್ ಆಲೂಗಡ್ಡೆ ಕ್ರಿಸ್ಪ್ಸ್, ಲೈಬ್ರರಿಯಲ್ಲಿ ಓದುತ್ತ. ರಾತ್ರಿ? ಟೋಸ್ಟು, ಚಹಾ. ನಿದ್ದೆ? ನಾಲ್ಕೈದು ಗಂಟೆ. ಅಮ್ಮ ಕೇಳುತ್ತ ಕೇಳುತ್ತ ತನ್ನ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ವಾರದ ಕೊನೆಗೆ ರಕ್ತಪರೀಕ್ಷೆಯ ಫಲಿತಾಂಶ ಕೇಳಲು ಹೋದಾಗ ಮೈಯಲ್ಲಿ ಕಬ್ಬಿಣದ ಅಂಶ ತಳ ಕಂಡಿದೆ ಎಂದು ತಿಳಿಯಿತು. ಐಸ್ ತಿನ್ನುವ ಆಸೆಯೂ, ಮುಗಿಯದ ಚಳಿಯೂ ಅದರಿಂದಲೇ ಬಂದಿದ್ದವು.

ಮನೆಗೆ ಬಂದು ಅಮ್ಮ ನನಗೆ ತಿಳಿಯುವ ಹಾಗೆ ಹೇಳಿದಳು: “ಮನೇಲಿ ಅಕ್ಕಿ ಕಮ್ಮಿ ಆದ್ರೆ ಮೊದಲು ದುಡಿಯೋರಿಗೆ ಬಡಿಸ್ತೀವಿ. ಮೈಯೂ ಅಷ್ಟೇ. ಇರೋದನ್ನ ಹೃದಯಕ್ಕೆ, ತಲೆಗೆ ಕೊಡತ್ತೆ. ಕೂದಲಿಗೆ ಕೊನೇ ಪಂಕ್ತಿ.”

ಅಪ್ಪ ಅದೇ ದಿನ ಮೂರು ಬಗೆಯ ತಲೆಎಣ್ಣೆ ತಂದಿದ್ದ. ಅಮ್ಮ ಅವನ್ನು ಮೇಲಿನ ಖಾನೆಗೆ ಎತ್ತಿಟ್ಟು, “ಇದು ಹೊರಗಿಂದ ತುಂಬೋದಲ್ಲ ಕಣ್ರೀ” ಎಂದಳು. ಅಪ್ಪ ಮರುದಿನ ಐದೂವರೆಗೇ ಎದ್ದು, ಜೀವನದಲ್ಲಿ ಮೊದಲ ಸಲ ರಾಗಿರೊಟ್ಟಿ ತಟ್ಟಿದ. ಭೂಪಟದ ಹಾಗಿತ್ತು. ಸುಟ್ಟ ವಾಸನೆ ಮಹಡಿಯವರೆಗೆ ಬಂತು. ಅಕ್ಕ ಅಳುತ್ತಲೇ ತಿಂದಳು.

ಆಮೇಲೆ ಮನೆಯ ನಡೆ ಬದಲಾಯಿತು. ಕಬ್ಬಿಣದ ಮಾತ್ರೆಯ ಜೊತೆ ಕಿತ್ತಳೆ ರಸ. ಊಟದ ಜೊತೆ ಚಹಾ ಇಲ್ಲ, ಅದು ಕಬ್ಬಿಣ ಹಿಡಿಯದಂತೆ ತಡೆಯುತ್ತದಂತೆ. ಹುರುಳಿಸಾರು, ಸೊಪ್ಪಿನ ಪಲ್ಯಕ್ಕೆ ನಿಂಬೆಹುಳಿ, ದಿನಕ್ಕೊಂದು ಮೊಟ್ಟೆ. ಹತ್ತು ಗಂಟೆಗೆ ಪುಸ್ತಕ ಮುಚ್ಚಬೇಕು. ಅಮ್ಮ ಕೇಳಿ ಕೇಳಿ ಸಂಜೆಯ ಪಾಳಿ ಬಿಡಿಸಿಕೊಂಡಳು.

ಆದರೆ ಕೂದಲು ಉದುರುವುದು ನಿಲ್ಲಲಿಲ್ಲ. ಅದೇ ನಮಗೆ ದೊಡ್ಡ ಭಯ. ಮೈ ಹಸಿದ ಎರಡು ಮೂರು ತಿಂಗಳಿಗೆ ಕೂದಲು ಉದುರುತ್ತದೆ, ಮೈ ತುಂಬಿದ ಮೇಲೂ ಅದು ಹಿಂತಿರುಗಲು ಅಷ್ಟೇ ತಡ ಮಾಡುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಹೇಳಿದ್ದರೂ, ಪ್ರತಿದಿನ ಸ್ನಾನದ ಮನೆಯಿಂದ ಅಕ್ಕ ಹೊರಬರುವಾಗ ನಾವು ಮೂವರೂ ಅವಳ ಮುಖವನ್ನೇ ನೋಡುತ್ತಿದ್ದೆವು. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು. ಮಾತು ಮುರಿದವನಲ್ಲವೇ ನಾನು. ಒಂದೇ ಮೇಜಿನಲ್ಲಿ ಕೂತು ಉಪ್ಪು ಬೇಕಾದರೂ ಅಪ್ಪನನ್ನೇ ಕೇಳುತ್ತಿದ್ದಳು.

ಪರೀಕ್ಷೆಯೆಲ್ಲ ಮುಗಿದ ಮೇಲೆ, ಒಂದು ಮಧ್ಯಾಹ್ನ ನಾನು ಹುಲ್ಲಿನ ಮೇಲೆ ಕೂತಿದ್ದಾಗ ಅಕ್ಕ ಹಿಂದಿನಿಂದ ಬಂದಳು. ನನ್ನ ಬೆರಳು ಹಿಡಿದು ತನ್ನ ಬೈತಲೆಯ ಮೇಲೆ ಇಟ್ಟಳು. ಗಿಡ್ಡ ಗಿಡ್ಡ ಕೂದಲು, ಆಗತಾನೇ ಮೊಳೆತ ರಾಗಿಪೈರಿನ ಹಾಗೆ ಚುಚ್ಚಿತು.

“ನೀನು ಹೇಳ್ದೇ ಇದ್ದಿದ್ರೆ ನಾನಂತೂ ಹೇಳ್ತಿರಲಿಲ್ಲ ಕಣೋ,” ಎಂದಳು. ಅಷ್ಟೇ. ಆಮೇಲೆ ಮೊದಲಿನಂತೆ ಜಗಳ ಆಡತೊಡಗಿದೆವು.

ಅಕ್ಕನ ಜಡೆ ಹಿಂದಿನ ದಪ್ಪಕ್ಕೆ ಮತ್ತೆಂದೂ ಬರಲಿಲ್ಲ. ಅವಳು ಅದನ್ನು ಭುಜದವರೆಗೆ ಕತ್ತರಿಸಿಕೊಂಡು ಚೆನ್ನಾಗಿ ಬಾಳಿದಳು, ಈಗಲೂ ಬಾಳುತ್ತಿದ್ದಾಳೆ. ಕಾಡುವುದು ನನ್ನನ್ನು. ಎರಡನೆಯ ಡಬ್ಬಿಯ ಮುಚ್ಚಳ ತೆರೆಯುವಾಗ ನನಗಾಗುತ್ತಿದ್ದ ಸಂತೋಷ ಇಷ್ಟು ವರ್ಷವಾದರೂ ನನಗೆ ನೆನಪಿದೆ.

ನಿಮ್ಮ ಮನೆ ಹಾಗಿಲ್ಲ, ಮೊಮ್ಮಕ್ಕಳೇ. ನಮ್ಮ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ಇರುತ್ತೀರಿ, ಒಂದೊಂದು ಬಾಗಿಲ ಹಿಂದೆ ಒಬ್ಬೊಬ್ಬರು. ಅಪ್ಪ ಅಮ್ಮ ಮನೆಯಿಂದಲೇ ಕೆಲಸ ಮಾಡುತ್ತಾರೆ. ಬೇಕಾದ ಊಟ ಬಾಗಿಲಿಗೇ ಬರುತ್ತದೆ. ತಟ್ಟೆಗಳು ಮೆಟ್ಟಿಲು ಹತ್ತಿ ಕೋಣೆಗೆ ಹೋಗುತ್ತವೆ, ಯಾವಾಗಲೋ ಕೆಳಗಿಳಿಯುತ್ತವೆ. ನಾನು ಕನ್ನಡದಲ್ಲಿ ಕೇಳಿದರೆ ನೀವು ಇಂಗ್ಲಿಷಿನಲ್ಲಿ “ಫೈನ್, ತಾತ” ಅನ್ನುತ್ತೀರಿ. ನಮ್ಮ ಕಾಲವೇ ಚೆನ್ನಾಗಿತ್ತು ಎಂದು ನಾನು ಯಾವತ್ತೂ ಹೇಳುವುದಿಲ್ಲ.

ಹೋದ ಭಾನುವಾರ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಏನೋ ಹೇಳಲು ಬಾಯಿ ತೆರೆದಳು. ಆಮೇಲೆ “ಐ ಪ್ರಾಮಿಸ್ಡ್, ತಾತ” ಎಂದು ತಿರುಗಿ ಓಡಿದಳು. ಯಾರಿಗೆ ಮಾತು ಕೊಟ್ಟೆ ಎಂದು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಅಂದಿನಿಂದ ಕೂತು ಇದನ್ನು ಬರೆದೆ. ಓದಿದ ಮೇಲೆ ಬಂದು ಹೇಳು, ಮಗೂ. ಮಾತು ತಪ್ಪಿದ ಪಾಪ ನನಗಿರಲಿ.