ತಮ್ಮ ತಂದ ಸಗಣಿ

ನರ್ಸರಿ ಮ್ಯಾನೇಜರರ ಮೇಜಿನ ಮೇಲೆ ಸ್ಟೀಲ್ ಡಬ್ಬಿಯನ್ನಿಟ್ಟು, "ಮೂರು ತಿಂಗಳ ಎರೆಗೊಬ್ಬರ ಸಾರ್, ಘಮ ನೋಡಿ" ಎಂದು ಲ್ಯಾಬಕ್ಕ ಹೆಮ್ಮೆಯಿಂದ ಮುಚ್ಚಳ ತೆಗೆದರೆ, ಒಳಗಿದ್ದದ್ದು ಗಂಡನ ಮಧ್ಯಾಹ್ನದ ಅನ್ನ. ಮ್ಯಾನೇಜರರು ಆಗಲೇ ಬಗ್ಗಿ ಮೂಸಿಯೂ ಆಗಿತ್ತು. ಅದೇ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು. ಅತ್ತ ಕಡೆಯಿಂದ, ಆಫೀಸಿನಲ್ಲಿ ಇನ್ನೊಂದು ಡಬ್ಬಿ ತೆರೆದ ಅವಳ ಯಜಮಾನರ ದನಿ ಕೋಣೆಗೆಲ್ಲ ಕೇಳಿಸಿತು:

"ಏನೇ ಇದು? ಊಟ ಓಡಾಡ್ತಾ ಇದೆ!"

ಮ್ಯಾನೇಜರರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಗಂಭೀರವಾದರು. "ಡಬ್ಬಿ ಇರ್ಲಿ ಬಿಡಿ ಮೇಡಂ. ಮುಂದಿನ ಗುರುವಾರ ಹನ್ನೊಂದಕ್ಕೆ ನಾನೇ ಬರ್ತೀನಿ. ತೊಟ್ಟಿಗೆ ಕೈ ಹಾಕಿ ನೋಡ್ತೀನಿ. ಹುಳ ಚೆನ್ನಾಗಿದ್ರೆ ವರ್ಷ ಪೂರ್ತಿ ನಿಮ್ಮ ಗೊಬ್ಬರಾನೇ ತಗೋತೀವಿ. ಇಲ್ದಿದ್ರೆ ಬೇಜಾರು ಮಾಡ್ಕೋಬಾರ್ದು."

ಹೆಣ್ಣುಮಕ್ಕಳ ಶಾಲೆಯೊಂದರ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಗಾಜಿನ ನಳಿಕೆ ತೊಳೆದು, ಅಸ್ಥಿಪಂಜರದ ಧೂಳು ಒರೆಸಿ, ಐವತ್ತೊಂದನೇ ವಯಸ್ಸಿನಲ್ಲಿ ಕೆಲಸ ಬಿಟ್ಟವಳು ಲ್ಯಾಬಕ್ಕ. ಮನೆಯ ಹಿಂದೆ ಎಂಟು ಸಿಮೆಂಟ್ ತೊಟ್ಟಿ ಕಟ್ಟಿಸಿ, ಮೇಲೆ ಟಾರ್ಪಾಲು ಎಳೆದು ಎರೆಹುಳು ಸಾಕತೊಡಗಿದಳು. ತಲೆಗೆ ಹುಳ ಬಿಟ್ಟುಕೊಂಡಿದ್ದಾಳೆ ಎಂದಿತು ಬೀದಿ. "ತಲೆಗೆ ಬಿಟ್ಕೊಂಡಿದ್ರೆ ಡಾಕ್ಟ್ರಿಗಾದ್ರೂ ತೋರಿಸ್ಬಹುದಿತ್ತು" ಎಂದರು ಯಜಮಾನರು. ಹೂಕುಂಡ ಇಟ್ಟುಕೊಂಡವರು ಬಂದು ಒಂದೊಂದು ಕಿಲೋ ಒಯ್ಯುತ್ತಿದ್ದರು. ಎಂಟು ತೊಟ್ಟಿಯ ಗೊಬ್ಬರ ಹಾಗೆ ಖಾಲಿಯಾಗುವಂಥದ್ದಲ್ಲ. ಅತ್ತ ಶಾಲೆಯವರು ಅವಳ ಜಾಗಕ್ಕೆ ಆಗಲೇ ಬೇರೆಯವರನ್ನು ತೆಗೆದುಕೊಂಡಿದ್ದರು. ನರ್ಸರಿ ಬೇಡವೆಂದರೆ ಹಿಂದಕ್ಕೆ ಹೋಗುವ ದಾರಿಯೂ ಇರಲಿಲ್ಲ.

ಪ್ರಯೋಗಾಲಯ ಬಿಟ್ಟರೂ ಪ್ರಯೋಗ ಬಿಟ್ಟಿರಲಿಲ್ಲ. ಹೊಸ ಸಗಣಿಯ ಲೋಡು ಬಂದಾಗಲೆಲ್ಲ ಒಂದು ಹಿಡಿಯನ್ನು ಗಾಜಿನ ಜಾಡಿಗೆ ಹಾಕಿ, ಹತ್ತು ಹುಳ ಬಿಟ್ಟು, ತಾರೀಕಿನ ಚೀಟಿ ಅಂಟಿಸುವಳು. ಎರಡು ದಿನ ಬಿಟ್ಟು ಎಣಿಸಿದಾಗ ಒಂಬತ್ತೇ ಇದ್ದರೂ ಲೋಡು ವಾಪಸ್ಸು. ದೊಡ್ಡ ದೊಡ್ಡ ಡೇರಿಯವರ ಸಗಣಿಯೂ ಅವಳ ಕೈಯಲ್ಲಿ ಫೇಲಾಗಿತ್ತು.

ಆ ಸೋಮವಾರ ಬಂದದ್ದು ಮಾತ್ರ ಅವಳ ಬೆನ್ನಿಗೆ ಹುಟ್ಟಿದ ತಮ್ಮನ ಲೋಡು. ಊರಾಚೆ ಹನ್ನೆರಡು ಹಸು ಕಟ್ಟಿ ಹಾಲು ಮಾರುವವನು. "ಹದಿನೈದು ದಿನ ಆರಿಸಿದ್ದೀನಕ್ಕ, ನಿನಗೆ ಅಂತಾನೇ" ಎಂದು ಸುರಿದು ಹೋದ. ಸ್ವಂತ ತಮ್ಮನ ಸಗಣಿಗೆ ಪರೀಕ್ಷೆ ಇಡುವುದೆಂದರೆ ಅವನಿಗೆ ಅವಮಾನ. ಜಾಡಿ ಕಪಾಟಿನಲ್ಲೇ ಉಳಿಯಿತು. ಒಂದನೇ ತೊಟ್ಟಿಗೆ ಅಂದೇ ದಪ್ಪಗೆ ಹಾಸಿದಳು, ಉಳಿದ ಏಳಕ್ಕೆ ಬುಧವಾರ ಮಧ್ಯಾಹ್ನ.

ಗುರುವಾರ ಬೆಳಿಗ್ಗೆ ಏಳಕ್ಕೆ ಒಂದನೇ ತೊಟ್ಟಿಗೆ ಹೊದಿಸಿದ್ದ ಗೋಣಿ ಎತ್ತಿದವಳು ಹಾಗೇ ನಿಂತುಬಿಟ್ಟಳು. ಬದುಕಿದ್ದ ಬೆರಳೆಣಿಕೆಯ ಹುಳಗಳು ಗೋಡೆ ಹತ್ತುತ್ತಿದ್ದವು. ಮಿಕ್ಕವು ಬೇಯಿಸಿದ ದಾರದಂತೆ ಬಿದ್ದಿದ್ದವು. ಸಗಣಿಗೆ ಕೈ ಹಾಕಿ ನೋಡಿದಳು, ಬಿಸಿಯಿಲ್ಲ. ನೀರು ಹೆಚ್ಚಾಗಿಲ್ಲ. ತಮ್ಮನಿಗೆ ಫೋನು ಹಚ್ಚಿದಳು.

"ಹಸುಗಳಿಗೆ ಏನೋ ಕೊಟ್ಟೆ?"

"ಏನಿಲ್ಲಕ್ಕ, ಡಾಕ್ಟ್ರು ಹೊಟ್ಟೆಹುಳದ ಔಷಧಿ ಹಾಕಿದ್ರು. ಈಗ ಒಂದೊಂದೂ ಫಸ್ಟ್ ಕ್ಲಾಸಾಗಿವೆ!"

ಲ್ಯಾಬಕ್ಕ ಫೋನು ಕಿವಿಗಿಟ್ಟುಕೊಂಡೇ ಎರಡನೇ ತೊಟ್ಟಿಯ ಗೋಣಿ ಎತ್ತಿದಳು.

"ಯಾಕಕ್ಕ? ಹೇಳ್ಬೇಕಿತ್ತಾ? ಹಾಕಿದ್ದು ಹೋದ ತಿಂಗಳು ಕಣೇ, ಅದೆಲ್ಲ ಹೊರಗೆ ಹೋಗಿರತ್ತೆ."

"ಹೋಗಿದೆ ಕಣೋ. ನನ್ನ ತೊಟ್ಟಿಗೆ ಹೋಗಿದೆ. ಗಾಡಿ ತಗೊಂಡು ಬಾ, ಮುಖ ಆಮೇಲೆ ತೊಳ್ಕೋ."

ಉಳಿದ ಏಳು ತೊಟ್ಟಿಗಳ ಹುಳಗಳು ಇನ್ನೂ ಜೀವಂತವಾಗಿದ್ದವು. ಆದರೆ ಹೊಸ ಊಟದ ಆಸೆಗೆ ಮೇಲಕ್ಕೆ ಬಂದು, ಆ ಸಗಣಿಯಲ್ಲೇ ಮುಖ ಹುದುಗಿಸಿದ್ದವು. ಹಾಗೇ ಕೆರೆದರೆ ಸಗಣಿಯ ಜೊತೆ ಹುಳವೂ ಹೋಗುತ್ತದೆ. ಬಿಟ್ಟರೆ ಅಲ್ಲೇ ಸಾಯುತ್ತವೆ. ಎರೆಹುಳುವಿಗೆ ಬೆಳಕು ಕಂಡರಾಗದು. ಅವಳು ಟಾರ್ಪಾಲು ಸರಿಸಿ ಎರಡನೇ ತೊಟ್ಟಿಗೆ ಬಿಸಿಲು ಬಿಟ್ಟಳು. ಹತ್ತು ನಿಮಿಷದಲ್ಲಿ ಹುಳಗಳು ಕೆಳಗಿನ ಹಳೇ ಗೊಬ್ಬರಕ್ಕೆ ಇಳಿಯಬೇಕು. ಆಗ ಮೇಲಿನದನ್ನು ಕೆರೆಯಬೇಕು. ಮುಂಚೆ ಕೆರೆದರೆ ಹುಳ ಹೋಯಿತು, ತಡಮಾಡಿದರೆ ಮೇಲೇ ಉಳಿದವು ಬಿಸಿಲಿಗೆ ಒಣಗಿಹೋದವು.

ಯಜಮಾನರು ಆಫೀಸಿಗೆ ರಜೆ ಹೇಳಿ, ಪ್ಯಾಂಟು ಮಡಚಿ, ಗಡಿಯಾರ ನೋಡುತ್ತ ನಿಂತರು.

"ಎಂಟಾಯ್ತು."

"ಗಂಟೆಯೋ ನಿಮಿಷವೋ?"

"ಎರಡೂ ಕಣೇ!"

ಓಡಿ ಬಂದ ತಮ್ಮ ಕೆರೆದ ಸಗಣಿಯನ್ನು ಕೈಗೆ ಸಿಕ್ಕ ಗೋಣಿಗೆಲ್ಲ ತುಂಬಿ ಗಾಡಿಗೆ ಹೊತ್ತ. ಮೂರನೆಯದಕ್ಕೆ ಮೋಡ ಅಡ್ಡ ಬಂತು. ಹುಳಗಳು ಕದಲಲಿಲ್ಲ. ಮೂವರೂ ಆಕಾಶವನ್ನು ಸಾಲಗಾರನನ್ನು ನೋಡುವಂತೆ ನೋಡಿದರು. ಲ್ಯಾಬಕ್ಕ ಮನೆಯೊಳಗಿಂದ ವೈರು ಎಳೆದು, ಓದುವ ಮೇಜಿನ ದೀಪವನ್ನೇ ತಂದು ತೊಟ್ಟಿಯ ಮೇಲೆ ಹಿಡಿದಳು. ಹುಳಗಳು ಮೆಲ್ಲಗೆ, ಒಲ್ಲದ ಮನಸ್ಸಿನಿಂದ, ಕೆಳಗಿಳಿದವು.

"ಅಕ್ಕ, ಬೈದಾದ್ರೂ ಬಿಡೇ" ಎಂದ ತಮ್ಮ ಐದನೇ ತೊಟ್ಟಿಯ ಹತ್ತಿರ.

"ಪುರುಸೊತ್ತಿಲ್ಲ. ಎತ್ತು."

ಎಂಟನೆಯದನ್ನು ಕೆರೆದು ಮುಗಿಸಿ ಅವಳು ಸೊಂಟ ನೆಟ್ಟಗೆ ಮಾಡುವಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು. ಗೇಟಿನ ಬಳಿ ಆಗಲೇ ಕಾರು ನಿಂತಿತ್ತು.

ಮ್ಯಾನೇಜರರು ಅಂಗಿಯ ತೋಳು ಮಡಚಿ ನೇರ ಒಂದನೇ ತೊಟ್ಟಿಗೇ ನಡೆದರು. ಒಂದು ಹಿಡಿ ಎತ್ತಿದರು. ಅಂಗೈಯಲ್ಲಿ ಏನೂ ಅಲುಗಲಿಲ್ಲ.

"ಇದು ಪೂರ್ತಿ ಹೋಗಿದೆ ಸಾರ್" ಎಂದಳು ಲ್ಯಾಬಕ್ಕ. ಔಷಧಿ, ಹಸು, ಇಡದೆ ಬಿಟ್ಟ ಜಾಡಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ತಮ್ಮ ಗಾಡಿಯ ಹಿಂದೆ ಮರೆಯಾದ.

ಮ್ಯಾನೇಜರರು ಅಂಗೈಯಲ್ಲಿದ್ದುದನ್ನು ಅಲ್ಲೇ ಕೊಡವಿದರು. ಎರಡನೆಯದಕ್ಕೆ ಮೊಣಕೈವರೆಗೆ ಕೈ ಇಳಿಸಿದರು. ಮೇಲೆ ಬಂದ ಮುಷ್ಟಿಯಲ್ಲಿ ಹುಳಗಳು ಮಿಸುಕಾಡುತ್ತಿದ್ದವು. ಮೂರರಲ್ಲಿ ಸ್ವಲ್ಪ ಕಡಿಮೆ. ನಾಲ್ಕು, ಐದು, ಆರು, ಏಳು. ಎಂಟನೆಯದರಲ್ಲಿ ಕೈ ಬಹಳ ಹೊತ್ತು ಒಳಗೇ ಇತ್ತು. ಯಜಮಾನರು ಸುಮ್ಮನೆ ಗಡಿಯಾರ ನೋಡಿದರು. ಅಲ್ಲೂ ಹುಳ ಸಿಕ್ಕಿತು.

ಅವರು ನಲ್ಲಿಯಲ್ಲಿ ಕೈ ತೊಳೆದು, ಆರ್ಡರ್ ಪುಸ್ತಕ ತೆಗೆದು, ಕಾರಿನ ಬಾನೆಟ್ಟಿನ ಮೇಲಿಟ್ಟುಕೊಂಡು ಬರೆದು, ಸಹಿ ಹಾಕಿ ಹಾಳೆ ಹರಿದು ಕೊಟ್ಟರು. "ಏಳು ತೊಟ್ಟಿಯಿಂದ ಶುರು ಮಾಡೋಣ. ಪ್ರತಿ ಲೋಡಿಗೂ ಜಾಡಿ ಪರೀಕ್ಷೆ ಆಗ್ಲೇಬೇಕು. ತಮ್ಮಂದಾದ್ರೂ ಸರಿ, ಅಣ್ಣಂದಾದ್ರೂ ಸರಿ." ಕಾರಿನ ಬಾಗಿಲು ತೆರೆದವರು ತಿರುಗಿ ನಿಂತರು. ದನಿ ಮೆತ್ತಗಾಗಿತ್ತು.

"ಒಂದು ಮಾತು ಕೇಳ್ಲಾ ಮೇಡಂ? ಮೂವತ್ತು ವರ್ಷದಿಂದ ಮಾಲು ನೋಡ್ತಾ ಇದ್ದೀನಿ. ಸತ್ತಿದ್ದನ್ನ ಮುಚ್ಚಿಟ್ಟು ಚೆನ್ನಾಗಿರೋದನ್ನ ತೋರಿಸೋರೇ ಎಲ್ಲ. ನೀವು ಹಾಗೇ ತೆರೆದಿಟ್ಟಿದ್ರಲ್ಲ, ಯಾಕೆ?"

ಲ್ಯಾಬಕ್ಕ ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡಳು.

"ಮುಚ್ಚೋಕೆ ಒಂದು ಗೋಣೀನೂ ಉಳಿದಿರ್ಲಿಲ್ಲ ಸಾರ್."