ನಾನು ಕಲಿಸಿದ ಬೇವಿನ ನೀರು

ಅಂದು ನನ್ನ ಸೊಸೆ ಕವಿತಾ ಬೆಳಿಗ್ಗೆ ಆರಕ್ಕೆ ಏಳಲಿಲ್ಲ. ಹುಮನಾಬಾದಿನ ನಮ್ಮ ಮನೆಯಲ್ಲಿ ಆರರ ಮೇಲೆ ಯಾರೂ ಮಲಗುವುದಿಲ್ಲ. ಕೋಣೆಗೆ ಹೋದೆ. ಕಿಬ್ಬೊಟ್ಟೆ ಹಿಡಿದು ಕೂತಿದ್ದಳು.

"ವಾರ ಆಯ್ತು ಅತ್ತಿ, ಬಿಳಿ ಹೋಗಾಕತ್ತದ. ನಿನ್ನೆ ರಕ್ತಾನೂ ಕಂಡ್ತು. ಮುಟ್ಟಿಂದಲ್ರಿ ಅದು."

ಒಂಬತ್ತರ ಬಸ್ಸಿಗೆ ಬಸವಕಲ್ಯಾಣಕ್ಕೆ ಹೊರಟೆವು. ನಾನು ಆ ಊರಲ್ಲಿ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದವಳು. ಹೆಣ್ಣುಮಕ್ಕಳ ಡಾಕ್ಟರ್ ಎಲ್ಲಿದ್ದಾರೆಂದು ಯಾರನ್ನೂ ಕೇಳಬೇಕಿರಲಿಲ್ಲ.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಸ್ವ್ಯಾಬ್ ತೆಗೆದು ಲ್ಯಾಬಿಗೆ ಕಳಿಸಿದರು. "ಸರ್ವಿಸೈಟಿಸ್. ಗರ್ಭಕೋಶದ ಬಾಯಿ ಕೆಂಪಾಗಿ ಬಾತದ. ಬ್ಯಾಕ್ಟೀರಿಯಾದ ಕೆಲಸ ಅನಸ್ತದ. ಸೋಂಕು ಗರ್ಭಕೋಶದೊಳಗ ಮ್ಯಾಲ ಹತ್ತಿದ್ರ ಮುಂದ ಮಕ್ಕಳಾಗೂದು ಕಷ್ಟ ಆಗಬಹುದು."

ಕವಿತಾಳ ಮದುವೆಯಾಗಿ ಎರಡು ವರ್ಷ. ಮಗು ಬೇಕೆಂದು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಅಂದು ನನ್ನ ಕೈ ಹಿಡಿದಳು.

ಆಂಟಿಬಯೋಟಿಕ್ ಬರೆದರು. ಸೋಂಕು ಗಂಡ ಹೆಂಡತಿಯ ನಡುವೆ ದಾಟಬಹುದೆಂದು ನನ್ನ ಮಗನಿಗೂ ಬರೆದರು. "ನನಗ್ಯಾಕ?" ಎಂದು ಅವನು ಮನೆಯಲ್ಲಿ ಗೊಣಗಿದ. "ವಾದ ಆಮ್ಯಾಲ ಮಾಡು, ಮೊದಲ ನುಂಗು" ಎಂದೆ. ಗಡಿಯಾರ ನೋಡಿ ಇಬ್ಬರಿಗೂ ಗುಳಿಗೆ ಕೊಟ್ಟೆ. ಒಂದು ಹೊತ್ತೂ ತಪ್ಪಲಿಲ್ಲ. ಅದರ ಜೊತೆಗೆ ನನ್ನ ಹಳೆಯ ಕ್ರಮವನ್ನೂ ಬಿಗಿ ಮಾಡಿದೆ. ಬೇವಿನೆಲೆ, ಪಟಿಕ ಹಾಕಿ ಕುದಿಸಿ ಆರಿಸಿದ ನೀರಿನಿಂದ ಒಳಗೂ ತೊಳೆದುಕೊಳ್ಳಬೇಕು. ಮದುವೆಯಾಗಿ ಬಂದಾಗಿನಿಂದ ಅವಳು ದಿನಕ್ಕೊಮ್ಮೆ ಮಾಡುತ್ತಿದ್ದಳು. ಈಗ ಎರಡು ಸಲ ಎಂದೆ.

ಎರಡು ವಾರದ ನಂತರ ಮತ್ತೆ ಹೋದೆವು.

ಬಾವು ಹಾಗೇ ಇತ್ತು.

ಡಾಕ್ಟರಮ್ಮ ರಿಪೋರ್ಟ್ ನೋಡಿದರು. "ಗುಳಿಗಿ ಬರೋಬ್ಬರಿ ತಗೊಂಡೀರಿ. ತೊಳ್ಕೊಳ್ಳೂದು ಹ್ಯಾಂಗ?"

ಕವಿತಾ ನೆಲ ನೋಡಿದಳು. ನಾನು ನೆಟ್ಟಗೆ ಕೂತು ಬೇವು, ಪಟಿಕ, ಎರಡು ಹೊತ್ತು, ಎಲ್ಲವನ್ನೂ ಹೇಳಿದೆ. ಶಾಬಾಸ್ ಅನ್ನುತ್ತಾರೆಂದೇ ಅಂದುಕೊಂಡಿದ್ದೆ.

"ಅಕ್ಕೋರ, ಅಲ್ಲಿ ಒಳ್ಳೇ ಬ್ಯಾಕ್ಟೀರಿಯಾನೂ ಇರ್ತಾವ. ಆ ಜಾಗಾ ಹುಳಿ ಇಟ್ಟು ಕೆಟ್ಟವನ್ನ ದೂರ ಇಡ್ತಾವ. ನೀವು ದಿನಾ ಕಾವಲಿನವರನ್ನೇ ಹೊರಗ ಹಾಕಿ ಗೇಟ್ ತೆರದಿಟ್ಟೀರಿ. ವಾರ್ಡನ್ ಇದ್ದವರು ನೀವು, ನಿಮಗ ನಾ ಏನ್ ಹೇಳ್ಲಿ? ಒಳಗ ಏನೂ ಹಾಕಬ್ಯಾಡ್ರಿ. ಹೊರಗ ಬರೇ ನೀರು ಸಾಕು."

ತಿರುಗಿ ಬರುವಾಗ ಬಸ್ಸಿನಲ್ಲಿ ಕವಿತಾ ಕಿಟಕಿಯ ಪಕ್ಕ ಕೂತಳು. ಹೊರಗೆ ನೋಡುತ್ತಲೇ ಅಂದಳು.

"ಉರೀತಿತ್ರಿ ಅತ್ತಿ. ನಿಮಗ ಹೇಳಾಕ ಧೈರ್ಯ ಆಗಲಿಲ್ಲ."

ಶಿಸ್ತು ಎಂದರೆ ಎದುರು ಮಾತಿಲ್ಲದಿರುವುದು ಎಂದು ಮೂವತ್ತು ವರ್ಷ ನಂಬಿದ್ದೆ. ನನ್ನ ಮನೆಯಲ್ಲೇ ಒಂದು ಜೀವ ಉರಿ ತಡೆದುಕೊಂಡು ಸುಮ್ಮನಿತ್ತು. ಅದನ್ನೂ ನಾನು ಶಿಸ್ತು ಎಂದೇ ತಿಳಿದಿದ್ದೆ.

ಬೇವಿನ ನೀರು ನಿಂತಿತು. ಡಾಕ್ಟರಮ್ಮ ಹೊಸ ಗುಳಿಗೆ ಕೊಟ್ಟಿದ್ದರು. ಒಂದು ಬೆಳಿಗ್ಗೆ ಬಚ್ಚಲಿನಿಂದ ಕೂಗು ಬಂತು. "ಅತ್ತಿ, ಹಂಡ್ಯಾಗ ಕದ್ದು ಬೇವು ಹಾಕಿಲ್ಲಲ್ರಿ?" ಅವಳು ನನ್ನನ್ನು ಹಾಗೆ ಚೇಷ್ಟೆ ಮಾಡಿದ್ದು ಅದೇ ಮೊದಲು. ನನಗೆ ಸಿಟ್ಟು ಬರಲಿಲ್ಲ.

ಮೂರನೆಯ ಸಲ ಹೋದಾಗ ಡಾಕ್ಟರಮ್ಮ ನಕ್ಕರು. ಬಾವು ಇಳಿದಿತ್ತು. ಸೋಂಕು ಮೇಲೆ ಹತ್ತಿದ ಗುರುತು ಕಾಣುತ್ತಿಲ್ಲ, ಮಗುವಿನ ಆಸೆ ಬಿಡಬೇಕಿಲ್ಲ, ಮೂರು ತಿಂಗಳಿಗೆ ಮತ್ತೊಮ್ಮೆ ತೋರಿಸಿ ಎಂದರು. ಕವಿತಾ ಹೊರಗೆ ಬಂದು ಅತ್ತಳು, ಆಮೇಲೆ ಚಹಾ ಬೇಕೆಂದಳು.

ಚಹಾ ಕುಡಿದು ನೇರ ನನ್ನ ಹಳೆಯ ಹಾಸ್ಟೆಲ್ಲಿಗೆ ಹೋದೆವು. ಹುಡುಗಿಯರ ಜೊತೆ ಮಾತಾಡಲು ಈಗಿನ ವಾರ್ಡನ್ ಅನುಮತಿ ಕೊಟ್ಟರು. ಇದೇ ಅಂಗಳದಲ್ಲಿ ವರ್ಷ ವರ್ಷವೂ ಹುಡುಗಿಯರನ್ನು ಸಾಲಾಗಿ ಕೂರಿಸಿ ಆ ನೀರಿನ ಪಾಠ ಮಾಡಿದ್ದೆ. ಈಗ ಅಲ್ಲೇ ನಿಂತು, ಅದು ತಪ್ಪು, ಉರಿದರೆ ಯಾರಿಗಾದರೂ ಹೇಳಿ, ಡಾಕ್ಟರಿಗೆ ತೋರಿಸಿ ಎಂದೆ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಅಕ್ಕೋರ, ಹಂಗಾರ ನಿಮ್ಮ ಹಳೇ ಹುಡುಗ್ಯಾರಿಗೆ ಯಾರು ಹೇಳ್ತಾರ?"

ಅದಕ್ಕೇ ಇದನ್ನು ಬರೆದೆ.