ತಂಗಿ ಕಳಿಸಿದ ಪಾಲು

ರಘುರಾಮನನ್ನು ಕೆಲಸದಿಂದ ಕಿತ್ತುಹಾಕಿದಾಗ ನಾನೂ ಅಲ್ಲೇ ಇದ್ದೆ. ಈಗ ನೆನೆದರೂ ಮೈ ಉರಿಯುತ್ತದೆ.

ಪರದೇಶದ ಹೇಸ್ ಎಂಬ ಊರಿನ ಒಂದು ಕಾರ್ಗೋ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುವುದು ನಮ್ಮಿಬ್ಬರ ಕೆಲಸ. ರಘು ಕುಂದಾಪುರದ ಕಡಲತಡಿಯವನು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವನಲ್ಲ. ಅವನಪ್ಪ ಕೈರಂಪಣಿ ಬಲೆ ಎಳೆಯುತ್ತಿದ್ದರು. ದಡದಲ್ಲಿ ನಿಂತು ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನ ಪಾಲು. ದೊಡ್ಡ ಬೋಟುಗಳು ಬಂದು ಕಡಲನ್ನೇ ಗುಡಿಸಿಕೊಂಡು ಹೋದ ಮೇಲೆ ಬಲೆ ಅಟ್ಟ ಸೇರಿತು. ಇದನ್ನು ಹೇಳುವಾಗಲೆಲ್ಲ ರಘು ಟೀ ಕಪ್ಪನ್ನು ಮೇಜಿಗೆ ಕುಕ್ಕುತ್ತಿದ್ದ.

ಮಾರ್ಚ್‌ನಲ್ಲಿ ಕೆನಡಾದ ಉತ್ತರ ತುದಿಯಿಂದ ಒಂದು ಪಾರ್ಸೆಲ್ ಬಂತು. ಸೀಲ್ ಎಂಬ ಕಡಲಪ್ರಾಣಿಯ ಚರ್ಮದ ಕೈಗವಸು. ಇಲ್ಲಿ ಓದುತ್ತಿದ್ದ ಲೀಟಿಯಾ ಎಂಬ, ಆ ಹಿಮನಾಡಿನ ಮೂಲನಿವಾಸಿ ಇನ್ಯೂಟರ ಹುಡುಗಿಗೆ ಮನೆಯಿಂದ ಬಂದದ್ದು. ಅವಳ ತಂಗಿ ಮೊದಲ ಸಲ ಸೀಲ್ ಬೇಟೆಯಾಡಿದ್ದಳು. ಮೊದಲ ಬೇಟೆಯನ್ನು ತಾವೇ ಇಟ್ಟುಕೊಳ್ಳದೆ ಊರಿಗೆಲ್ಲ ಹಂಚುತ್ತಾರಂತೆ. ದೂರದ ಅಕ್ಕನ ಪಾಲಿಗೆ ಈ ಚರ್ಮ.

ಸೀಲ್ ಚರ್ಮಕ್ಕೆ ಇಲ್ಲಿ ನಿಷೇಧ; ಇನ್ಯೂಟರ ಬೇಟೆಯದ್ದೆಂಬ ಸರ್ಟಿಫಿಕೇಟ್ ಇದ್ದರೆ ಮಾತ್ರ ಒಳಗೆ ಬಿಡಬಹುದು. ಅದು ಪಾರ್ಸೆಲ್‌ನ ಹೊರಗಿರಬೇಕಿತ್ತು. ಅವಳಮ್ಮ ಗಾಳಿಗೆ ಹಾರಿಹೋದೀತೆಂದು ಕೈಗವಸಿನೊಳಗೇ ತುರುಕಿದ್ದರು. ಬೇಕಾದ್ದನ್ನೆಲ್ಲ ಆಕೆ ಜೋಪಾನ ಮಾಡುವುದು ಅಲ್ಲೇ ಅಂತೆ. ಪಾರ್ಸೆಲ್ ತಡೆಹಿಡಿದಿದೆ ಎಂದು ತಿಳಿಸಲು ಫೋನ್ ಮಾಡಿದ ರಘುವಿಗೆ ಲೀಟಿಯಾ ಇಷ್ಟನ್ನೂ ಹೇಳಿ, ಗೇಟಿನ ಹೊರಗೆ ಬಂದು ನಿಂತಳು.

"ಕಾಗ್ದ ಒಳ್ಗೇ ಇತ್ತ್. ಒಂದ್ಸಲ ಬಿಚ್ಚಿ ಕಾಣಿ ಮಾರ್ರೆ," ಎಂದ ರಘು.

"ಬಿಚ್ಚೋ ಹಂಗಿಲ್ಲ. ನಾಲ್ಕು ಗಂಟೆಗೆ ವ್ಯಾನ್ ಬರತ್ತೆ, ಸುಡೋಕೆ ಕಳ್ಸು," ಎಂದ ಸೂಪರ್‌ವೈಸರ್ ಸುಶಾಂತ, ಬೆಂಗಳೂರಿನವನು. "ಪಾಪ, ಎಷ್ಟು ಮುದ್ದಾದ ಪ್ರಾಣಿ ಕಣೋ ಅದು!"

ಅದೇ ಬೆಳಿಗ್ಗೆ ಈ ಮಹಾಶಯ ಎರಡು ಸಾವಿರ ಚರ್ಮದ ಹ್ಯಾಂಡ್‌ಬ್ಯಾಗುಗಳಿಗೆ ಕಣ್ಣುಮುಚ್ಚಿ ಸಹಿ ಹಾಕಿದ್ದ. ಆ ದನಗಳೇನು ಪಾಪ ಮಾಡಿದ್ದವು?

ರಘು ಚಾಕು ತೆಗೆದು ಪಾರ್ಸೆಲ್ ಕೊಯ್ದೇಬಿಟ್ಟ. ಬಲಗೈಯ ಗವಸಿನಿಂದ ಕಾಗದ ಹೊರಬಂತು. ಮೊಹರು, ಸಹಿ ಎಲ್ಲ ಸರಿಯಾಗಿತ್ತು.

ಸುಶಾಂತ ಅದರತ್ತ ನೋಡಲೂ ಇಲ್ಲ. "ಈಗ ಇದು ಬಿಚ್ಚಿದ ಪಾರ್ಸೆಲ್. ಬಿಚ್ಚಿದ್ದನ್ನ ಬಿಡೋ ಹಂಗಿಲ್ಲ. ನೀನು ನಾಳೆಯಿಂದ ಬರ್ಬೇಡ."

"ಅದ್ ಅವ್ಳ ಪಾಲ್! ಇನ್ನೊಬ್ರ ಪಾಲ್ ಬೆಂಕಿಗ್ ಹಾಕೂಕೆ ನೀವ್ ಯಾರ್?" ರಘುವಿನ ದನಿ ಇಡೀ ಗೋದಾಮಿಗೆ ಕೇಳಿಸಿತು. ನಾವು ಇಪ್ಪತ್ತು ಜನ ಇದ್ದೆವು. ಎಲ್ಲರೂ ನಮ್ಮ ನಮ್ಮ ಪಾರ್ಸೆಲ್‌ಗಳತ್ತ ತಿರುಗಿದೆವು.

ಅವನು ಕಾಗದವನ್ನಷ್ಟೇ ಹಿಡಿದು ಗೇಟಿಗೆ ಹೋದ. ಲೀಟಿಯಾ ಅದನ್ನು ತೆಗೆದುಕೊಂಡು, ಅವನ ಹಿಂದೆ ಇನ್ಯಾರಾದರೂ ಏನಾದರೂ ತರುತ್ತಿದ್ದಾರೆಯೇ ಎಂದು ಇಣುಕಿದಳು.

ಯಾರೂ ತರಲಿಲ್ಲ. ಕೊಯ್ದ ಪಾರ್ಸೆಲ್‌ಗೆ ಟೇಪು ಸುತ್ತಿ ವ್ಯಾನಿಗೆ ಎತ್ತಿಹಾಕಿದವನು ನಾನೇ.